ಭಾವನ ಕಾರಿನ ಹಿಂದಿನ ಚಕ್ರಗಳು

ನನ್ನ ದೇಹದ ತೂಕವನ್ನು ಮನಸಾರೆ ಮೆಚ್ಚಿದವರು ಈ ಭೂಮಿಯ ಮೇಲೆ ಒಬ್ಬರೇ ಒಬ್ಬರು, ನಮ್ಮ ಭಾವ. ಹೆಂಡತಿ ಅನ್ನದ ಸೌಟನ್ನು ಅರ್ಧಕ್ಕೇ ನಿಲ್ಲಿಸುತ್ತಾಳೆ, ಡಾಕ್ಟರು ತಲೆ ಅಲ್ಲಾಡಿಸುತ್ತಾರೆ. ಭಾವ ಮಾತ್ರ ಅಕ್ಕನಿಗೆ, "ಇವನಿಗೆ ಇನ್ನೆರಡು ಹೋಳಿಗೆ ಹಾಕು" ಎನ್ನುತ್ತಿದ್ದರು. ಎಂಥ ವಾತ್ಸಲ್ಯ ಅಂದುಕೊಂಡಿರಾ? ಸ್ವಲ್ಪ ತಾಳಿ. ಆ ಹೋಳಿಗೆ ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ!

ಫೋನು ದಾರಿ ತೋರಿಸುವ ಕಾಲ ಇನ್ನೂ ಬಂದಿರಲಿಲ್ಲ. ಸಿಡ್ನಿಯ ಟೂಂಗಾಬಿಯಲ್ಲಿ ಭಾವ, ಅಕ್ಕ ಒಂದು ಬೀದಿಯಲ್ಲಿ, ನಾವು ಪಕ್ಕದ ಬೀದಿಯಲ್ಲಿ. ಉಡುಪಿ ಕಡೆಯ ಭಾವನಿಗೆ ನಾರ್ವೆಸ್ಟ್‌ನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಯಾರ ಕಾರು ಎಷ್ಟು ಅಪಾಯಕಾರಿ ಎಂದು ಲೆಕ್ಕ ಹಾಕುವುದೇ ಅವರ ಉದ್ಯೋಗ. ಇಂಥ ಮನುಷ್ಯ ಹೋಗಿ ಕೊಂಡದ್ದೇನು? ಎಂಟು ಸಿಲಿಂಡರಿನ, ಕೈಯಿಂದಲೇ ಗೇರು ಹಾಕಬೇಕಾದ, ಕೆಂಪು ರಾಕ್ಷಸ! ಅದರ ಭಾರವಾದ ಎಂಜಿನ್ ಇರುವುದು ಮುಂದೆ, ಅದು ತಿರುಗಿಸುವುದು ಹಿಂದಿನ ಚಕ್ರಗಳನ್ನು. ಹಿಂದೆ ಭಾರವಿಲ್ಲ. ಹಾಗಾಗಿ ರಸ್ತೆ ಒದ್ದೆಯಾದರೆ ಸಾಕು, ಹಿಂದಿನ ಚಕ್ರಗಳು ಇದ್ದಲ್ಲೇ ಗಿರಗಿರ ತಿರುಗುತ್ತಿದ್ದವು. ಮೊದಲ ಮಳೆಗೇ ದಿನಸಿ ಅಂಗಡಿಯ ಮುಂದಿನ ವೃತ್ತದಲ್ಲಿ ಕಾರು ತನ್ನ ಬಾಲವನ್ನು ಮುಂದೆ ಮಾಡಿಕೊಂಡು ನಿಂತಿತು. ಭಾವ ಇಳಿದವರೇ, "ಗ್ರಿಪ್ ಸಾಲುದಿಲ್ಲ ಮಾರಾಯ" ಎಂದರು. ಬುದ್ಧಿ ಸಾಲದು ಎಂದು ನಾನು ಮನಸ್ಸಿನಲ್ಲೇ ತಿದ್ದಿಕೊಂಡೆ.

ಅಂದಿನಿಂದ ಶುರುವಾಯಿತು ಹಿಡಿತದ ಹುಚ್ಚು, ಅವರ ಭಾಷೆಯಲ್ಲಿ ಟ್ರ್ಯಾಕ್ಷನ್. ಡಿಕ್ಕಿಯಲ್ಲಿ ಭಾರ ಇರಬೇಕೆಂದು ಒಂದು ದೊಡ್ಡ ಅಕ್ಕಿ ಮೂಟೆ ತಂದು ಹಾಕಿದರು. ಒಂದು ಸಂಜೆ ಮನೆಯಲ್ಲಿ ಅಕ್ಕಿ ಮುಗಿದಿತ್ತು. ಅಕ್ಕ ಪಾತ್ರೆ ಹಿಡಿದು ಕಾರಿನ ಹತ್ತಿರ ಹೋದರೆ ಭಾವ ಅಡ್ಡ ನಿಂತರು.

"ಅದನ್ನು ಮುಟ್ಟಬೇಡ! ಅದು ಅನ್ನದ ಅಕ್ಕಿ ಅಲ್ಲ, ಟ್ರ್ಯಾಕ್ಷನ್ ಅಕ್ಕಿ."

ಅಕ್ಕ ಅದೇ ಪಾತ್ರೆ ಹಿಡಿದು ನಮ್ಮ ಮನೆಗೆ ಸಾಲ ಕೇಳಲು ಬಂದಳು!

ಅಕ್ಕಿ ಸಾಲದಾದಾಗ ಅವರ ಕಣ್ಣು ಬಿದ್ದದ್ದು ನನ್ನ ಮೇಲೆ. "ದೇವಸ್ಥಾನಕ್ಕೆ ಹೋಗುವ ಬಾ", "ಬೀಚಿಗೆ ಹೋಗುವ ಬಾ" ಎಂದು ಕರೆದದ್ದೇ ಕರೆದದ್ದು. ಮುಂದೆ ಕೂರಲು ಹೋದರೆ, "ಹಿಂದೆ ಕೂತ್ಕೊ ಮಾರಾಯ, ಹಿಂದೆ ಆರಾಮ ಉಂಟು" ಎನ್ನುತ್ತಿದ್ದರು. ಗೌರವ ಎಂದೇ ನಂಬಿದ್ದೆ. ಒಂದು ದಿನ ಹೆಂಡತಿ ಕೇಳಿದಳು: "ಅಲ್ರೀ, ಮಳೆ ಬಂದಾಗ ಮಾತ್ರ ಯಾಕೆ ನಿಮ್ಮನ್ನ ಕರೀತಾರೆ?" ಯೋಚಿಸಿದೆ. ಬಿಸಿಲಿದ್ದ ಒಂದು ಭಾನುವಾರವೂ ಕರೆದದ್ದಿಲ್ಲ! ಮಳೆಯಲ್ಲಿ ಬೀಚಿಗೆ ಯಾರಾದರೂ ಹೋಗುತ್ತಾರಾ? ಹೋಳಿಗೆಯ ಗುಟ್ಟು ಆಗ ಬಯಲಾಯಿತು. ನಾನು ಭಾವಮೈದುನನಲ್ಲ, ಕೈಕಾಲು ಮೂಡಿದ ಮೂಟೆ!

ಆಮೇಲೆ ಅಗಲದ ಟೈರು ಬಂದವು. ಆ ಟೈರಿನ ಗಾಳಿಯನ್ನು ಒಮ್ಮೆ ಇಳಿಸಿ, ಒಮ್ಮೆ ಏರಿಸಿ ನೋಡಿದ್ದಾಯಿತು. ಕೊನೆಗೆ, ಒಂದು ಚಕ್ರ ಜಾರಿದರೆ ಇನ್ನೊಂದಕ್ಕೆ ಬಲ ಹಂಚುವ ಅದೇನೋ ಡಿಫರೆನ್ಷಿಯಲ್ ಹಾಕಿಸಿದರು. ಫಲಿತಾಂಶ? ಮೊದಲು ಒಂದೇ ಚಕ್ರ ಜಾರುತ್ತಿತ್ತು, ಈಗ ಎರಡೂ ಒಗ್ಗಟ್ಟಿನಿಂದ ಜಾರಿದವು.

"ನೀವು ಕಾಲನ್ನು ಸ್ವಲ್ಪ ಮೆಲ್ಲ ಒತ್ತಿದ್ರೆ ಆಗುದಿಲ್ವಾ?" ಎಂದಳು ಅಕ್ಕ.

"ನಿನಗೆ ಫಿಸಿಕ್ಸ್ ಗೊತ್ತಿಲ್ಲ, ಸುಮ್ನಿರು."

ಇಷ್ಟನ್ನೆಲ್ಲ ಸಹಿಸಬಹುದಿತ್ತು. ನಾನಾಗ ಕೆಲಸ ಹುಡುಕುತ್ತಿದ್ದೆ. ಬಹಳ ಕಾಯಿಸಿ ಒಂದು ಇಂಟರ್‌ವ್ಯೂ ಬಂದಿತ್ತು. ಆ ಬೆಳಿಗ್ಗೆ ಧೋ ಎಂದು ಮಳೆ. ಭಾವ ಬಾಗಿಲಿಗೇ ಬಂದು, "ನಾನು ಬಿಡ್ತೇನೆ, ಬಾ" ಎಂದರು. ತಿರುವಿನಲ್ಲಿ ಕಾರು ಜಾರಿ ರಸ್ತೆ ಪಕ್ಕದ ಹುಲ್ಲಿಗೆ ಏರಿ ಕೆಸರಿನಲ್ಲಿ ಕೂತಿತು. ಇಳಿದು ತಳ್ಳಿದೆ. ಭಾವ ಆಕ್ಸಿಲರೇಟರ್ ಒತ್ತಿದರು. ಚಕ್ರ ತಿರುಗಿ, ಆ ಬೀದಿಯ ಕೆಸರೆಲ್ಲ ನನ್ನ ಹೊಸ ಸೂಟಿನ ಮೇಲೆ! ಕೆಸರಿನ ಗೊಂಬೆಯಾಗಿ ಇಂಟರ್‌ವ್ಯೂಗೆ ಹೋದೆ. ಕೆಲಸ ಯಾರಿಗೆ ಸಿಕ್ಕಿತೋ ಗೊತ್ತಿಲ್ಲ, ನನಗಂತೂ ಸಿಗಲಿಲ್ಲ. ಭಾವ ಹೇಳಿದ್ದೇನು ಗೊತ್ತೇ?

"ನೀನು ಇಳಿದದ್ದೇ ತಪ್ಪು ಮಾರಾಯ. ಹಿಂದೆ ಭಾರ ಕಡಿಮೆ ಆಯ್ತು!"

ನಾನು ಅವರೊಡನೆ ಮಾತು ಬಿಟ್ಟೆ. ಮುಂದೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಾಗ ಸಂಬಳಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಸಿಡ್ನಿಯಿಂದ ಅಲ್ಲಿಗಿರುವ ದೂರ.

ಆ ದೂರದಿಂದೇನು ಬಂತು? ಒಂದು ಚಳಿಗಾಲ ಅದೇ ಕಾರಿನಲ್ಲಿ ಅಕ್ಕನನ್ನು ಕರೆದುಕೊಂಡು ನಮ್ಮ ಮನೆ ಮುಂದೆ ಬಂದಿಳಿದರು. ಬಂದ ಎರಡೇ ದಿನಕ್ಕೆ ಅಕ್ಕನಿಗೆ ತಡೆಯಲಾರದ ಹೊಟ್ಟೆನೋವು. ಆಸ್ಪತ್ರೆಗೆ ಸೇರಿಸಿದೆವು, ಕೂಡಲೇ ಹೊಟ್ಟೆ ಕೊಯ್ದು ಆಪರೇಷನ್ ಮಾಡಿದರು. ಮನೆಗೆ ಕಳಿಸುವ ದಿನ ಡಾಕ್ಟರು, ದಾರಿಯಲ್ಲಿ ಹೊಲಿಗೆಗೆ ಕುಲುಕಾಟ ತಾಗಬಾರದು ಎಂದರು. ಹೊರಗೆ ಮಳೆ. ಎದುರಿಗೇ ಕಡಿದಾದ ಏರು, ಅದರಾಚೆ ಒದ್ದೆಯಾಗಿ ಹೊಳೆಯುವ ಟ್ರಾಮಿನ ಹಳಿಗಳು.

ನನ್ನ ಕೋಪ ಕಟ್ಟೆಯೊಡೆಯಿತು. ಕಾರ್ ಪಾರ್ಕಿನಲ್ಲೇ ಕೂಗಿದೆ: "ಭಾವ, ಇವತ್ತು ಆ ರಾಕ್ಷಸ ಬೇಡ! ಅಕ್ಕನಿಗೇನಾದ್ರೂ ಆದ್ರೆ ನಾನು ಸುಮ್ನಿರಲ್ಲ. ನನ್ನ ಕಾರಲ್ಲಿ ಬರ್ಲಿ."

ಗಾಲಿಕುರ್ಚಿಯಲ್ಲಿದ್ದ ಅಕ್ಕನೇ ಮೆಲ್ಲಗೆ, "ಬೇಡ ತಮ್ಮ. ನಾನು ಇವರೊಟ್ಟಿಗೇ ಬರ್ತೇನೆ" ಎಂದಳು.

ಅಕ್ಕನನ್ನು ಮುಂದಿನ ಸೀಟಿನಲ್ಲಿ ಒರಗಿಸಿದೆವು. ನನ್ನ ಕಾರನ್ನು ಅಲ್ಲೇ ಬಿಟ್ಟು ನಾನೂ ಹಿಂದೆ ಹತ್ತಿ ಕೂತು, ಮನೆ ತಲುಪಿದ ಮೇಲೆ ಬೈಯಬೇಕಾದ ಬೈಗುಳಗಳನ್ನು ಹಲ್ಲುಕಚ್ಚಿ ಜೋಡಿಸತೊಡಗಿದೆ. ಆದರೆ ಕಾರು ಯಾವಾಗ ಹೊರಟಿತು? ಕಿಟಕಿಯಾಚೆ ಗೋಡೆ ಹಿಂದಕ್ಕೆ ಸರಿದಾಗಲಷ್ಟೇ ತಿಳಿಯಿತು. ಭಾವ ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಡುತ್ತಿದ್ದರು, ಬಲಗಾಲಿನ ಕೆಳಗೆ ಮೊಟ್ಟೆ ಇದೆಯೇನೋ ಎಂಬಂತೆ ಒತ್ತುತ್ತಿದ್ದರು. ಏರಿನಲ್ಲಿ ಚಕ್ರ ಒಂದಿಷ್ಟೂ ಜಾರಲಿಲ್ಲ. ಹಿಂದಿನ ಕಾರುಗಳು ಹಾರ್ನ್ ಹೊಡೆದವು, ಪಕ್ಕದಿಂದ ನುಗ್ಗಿ ಹೋದವು. ಎಂದೂ ಯಾರಿಗೂ ದಾರಿ ಬಿಡದ ಮನುಷ್ಯ ತಿರುಗಿಯೂ ನೋಡಲಿಲ್ಲ. ಅಂಥ ಚಳಿಯಲ್ಲೂ ಅವರ ಕತ್ತಿನಿಂದ ಬೆವರು ಇಳಿಯುತ್ತಿತ್ತು.

ಹಳಿ ದಾಟುವ ಮುಂಚೆ, "ನೋವಾಗ್ತದಾ?" ಎಂದರು.

"ಇಲ್ಲ."

ದಾಟಿದ ಮೇಲೆ ಮತ್ತೆ, "ಈಗ?"

"ಇಲ್ಲಾಂದ್ನಲ್ಲ" ಎಂದು ಅಕ್ಕ ಕಣ್ಣುಮುಚ್ಚಿದಳು. ಆಮೇಲೆ ಗೇರಿನ ಹಿಡಿಯ ಮೇಲಿದ್ದ ಅವರ ಕೈಯ ಮೇಲೆ ತನ್ನ ಕೈ ಇಟ್ಟಳು, ತೆಗೆಯಲಿಲ್ಲ. ದಾರಿಯುದ್ದಕ್ಕೂ ಗೇರು ಬದಲಾದಾಗಲೆಲ್ಲ ಆ ಎರಡು ಕೈಗಳು ಒಟ್ಟಿಗೇ ಹೋಗಿ ಒಟ್ಟಿಗೇ ಬರುತ್ತಿದ್ದವು. ನಾನು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ.