ನಿಂತಲ್ಲೇ ಇಪ್ಪತ್ತು ಓಡುವ ಕಾರು

ನಮ್ಮ ಮಾಮಾನ ಕಾರು ಒಂದೇ ವರ್ಷದಲ್ಲಿ ಮೂರು ಸಲ ಬಣ್ಣ ಬದಲಿಸಿತು. ಹಾಗಂತ ಜೇವರ್ಗಿ ಕಾಲೋನಿಯ ಅವರ ಓಣಿಯಲ್ಲಿ ವಿಚಾರಿಸಿದರೆ ಯಾರೂ ಒಪ್ಪುವುದಿಲ್ಲ. ಅವರೆಲ್ಲ ನೋಡುತ್ತ ಬಂದದ್ದು ಅದೇ ಹಳೆಯ ಬಿಳಿ ಕಾರು. ಬದಲಾದದ್ದು ಒಳಗೆ, ಸ್ಟೇರಿಂಗಿನ ಹಿಂದೆ, ಸ್ಪೀಡು ಪೆಟ್ರೋಲು ತೋರಿಸುವ ಮೀಟರಿನ ದೀಪದ ಬಣ್ಣ. ಅಷ್ಟಗಲದ ಜಾಗಕ್ಕಾಗಿ ಒಬ್ಬ ಮನುಷ್ಯ ಇಡೀ ವರ್ಷ ಕಳೆಯಬಲ್ಲನೇ? ನಮ್ಮ ಮಾಮಾನನ್ನು ನೀವು ನೋಡಿಲ್ಲ, ಬಿಡಿ.

ಮಾಮಾ ಅಂದರೆ ನಮ್ಮವ್ವನ ತಮ್ಮ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿ ರಿಟೈರ್ ಆದವರು. ಬಣ್ಣದ ವಿಷಯದಲ್ಲಿ ಅವರದೇ ಕೊನೆಯ ಮಾತು. ತಮ್ಮ ಹೆಂಡತಿ, ಅಂದರೆ ನಮ್ಮ ಅತ್ತಿಯ ಸೀರೆಯಿಂದ ಹಿಡಿದು ಹೋಳಿಗೆಯ ಹೂರಣದವರೆಗೆ ಎಲ್ಲದಕ್ಕೂ ಬಣ್ಣದ ಮಾರ್ಕು ಕೊಡುತ್ತಾರೆ. ಇಂಥವರು ಒಂದು ದಿನ, "ಕಾರಿನ ಈ ಹಸಿರು ಲೈಟ್ ಭಾಳ ಮಬ್ಬು ಅದ. ಎಲ್‌ಇಡಿ ಹಾಕ್ತೀನಿ, ಕೆಂಪಂದು" ಎಂದಾಗ ನಾವ್ಯಾರೂ ಬೆಚ್ಚಲಿಲ್ಲ.

ಬೆಚ್ಚಬೇಕಿತ್ತು. ಮರುದಿನ ಹೋಗಿ ನೋಡಿದರೆ ಪಡಸಾಲೆಯ ಹೊರಸಿನ ಮೇಲೆ ಕಾರಿನ ಮೀಟರು ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಮಾಮಾ ಹಳೆಯ ಬಲ್ಬು ಕಿತ್ತು, ಎಲ್‌ಇಡಿ ಕೂಡಿಸಿ, ಎಲ್ಲ ಕಾರಿಗೆ ಜೋಡಿಸಿ ಲೈಟ್ ಹಾಕಿದರು. ಅರ್ಧ ಮೀಟರು ಬೆಳಗಿತು, ಅರ್ಧ ಕತ್ತಲಾಗಿಯೇ ಉಳಿಯಿತು.

"ಡುಪ್ಲಿಕೇಟ್ ಮಾಲು," ಎಂದು ಮಾಮಾನ ತೀರ್ಪು ಬಂತು.

ಹಸಿ ತೊಗರಿಕಾಯಿ ಸುಲಿಯುತ್ತ ಕೂತಿದ್ದ ಅತ್ತಿ ತಲೆಯೆತ್ತದೆ ಹೇಳಿದರು: "ಟಾರ್ಚಿಗೆ ಸೆಲ್ ಉಲ್ಟಾ ಹಾಕಿದ್ರ ಹತ್ತಂಗಿಲ್ಲಲ್ರೀ. ಇವನ್ನೂ ತಿರುಗಿಸಿ ಹಾಕಿ ನೋಡ್ರಿ."

"ಬಲ್ಬಿಗೆ ಎಂಥಾ ಉಲ್ಟಾ? ನಿನ್ನ ಕಾಯಿ ನೀ ಸುಲಿ."

ಹಳೆಯ ಬಲ್ಬಿಗೆ ಉಲ್ಟಾ ಇರಲಿಲ್ಲ, ನಿಜ. ಎಲ್‌ಇಡಿಗೆ ಇರುತ್ತದೆ. ಅತ್ತಿ ಕಾಯಿ ಮುಗಿಸಿ ಒಳಗೆ ಹೋಗುವವರೆಗೆ ಕಾದು, ಮಾಮಾ ಮೆಲ್ಲಗೆ ತಿರುಗಿಸಿ ಹಾಕಿದರು. ಎಲ್ಲವೂ ಹತ್ತಿದವು. ಕೀರ್ತಿ ಯಾರಿಗೆ ಸಲ್ಲಿತು ಎಂದು ನಾನು ಹೇಳಬೇಕಾಗಿಲ್ಲ.

ಕೆಂಪು ಬೆಳಕಿನ ಮೊದಲ ಬಲಿ ನಮ್ಮವ್ವ. ಒಂದು ಸಂಜೆ ಊರಿನ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಕಾರು ಹತ್ತಿದವಳು ಮುಂದೆ ಬಗ್ಗಿ ನೋಡಿ, "ಏ ತಮ್ಮಾ, ನಿಲ್ಲಸೋ, ಇಂಜಿನ್ ಕೆಂಪಗಾಗ್ಯದ" ಎಂದು ಇಳಿದೇಬಿಟ್ಟಳು. ಎಷ್ಟು ಕರೆದರೂ ಮತ್ತೆ ಹತ್ತಲಿಲ್ಲ, ನಡೆದೇ ಮನೆಗೆ ಹೋದಳು. ಮಾಮಾನಿಗೂ ಕೆಂಪು ಹಿಡಿಸಲಿಲ್ಲ. ಹಳದಿ ಬಂತು. ಅದರಲ್ಲಿ ಕೂತವರೆಲ್ಲ ಕಾಮಾಲೆಯಾದವರಂತೆ ಕಂಡೆವು. ಆಮೇಲೆ ಬಂತು ನೀಲಿ. ಒಂದೊಂದು ಬಲ್ಬಿನ ಜಾಗದಲ್ಲಿ ಎರಡೆರಡು! ಸಂಜೆ ಆ ಕಾರು ಎದುರಿಗೆ ಬಂದರೆ ಒಳಗೆ ಮದುಮಗ ಇರಬೇಕೆಂದು ಜನ ಇಣುಕುತ್ತಿದ್ದರು.

ಈ ನೀಲಿಗೆ ಮೀಟರಿನ ಒಳಗಿದ್ದ ಹಸಿರು ಹಾಳೆ ಅಡ್ಡ ಬರುತ್ತದೆಂದು ಮಾಮಾ ಸ್ಪೀಡಿನ ಮುಳ್ಳನ್ನೇ ಕಿತ್ತು, ಹಾಳೆ ಕೆರೆದು, ಮುಳ್ಳನ್ನು ಕಣ್ಣಂದಾಜಿನಲ್ಲಿ ಮತ್ತೆ ಕೂಡಿಸಿದ್ದರು. ಅಂದಿನಿಂದ ಆ ಕಾರು ಇಂಜಿನ್ ಬಂದ್ ಆಗಿ, ಬೀಗ ಹಾಕಿ ಮನೆ ಮುಂದೆ ನಿಂತಿದ್ದರೂ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಓಡುತ್ತಿತ್ತು!

"ಅದಕ್ಯಾಕ ಮತ್ತ ಬಿಚ್ಚಬೇಕು? ಇಪ್ಪತ್ತು ಕಳೆದ್ರ ಆತು," ಎಂದರು ಮಾಮಾ.

ಕಳೆಯುವ ಕೆಲಸ ಅತ್ತಿಯ ಪಾಲಿಗೆ ಬಂತು. ಮೊದಲೇ ಅವರಿಗೆ ಮುಂದಿನ ಸೀಟಿನಲ್ಲಿ ಕೂತು ಸ್ಪೀಡು ಹೇಳುವ ಚಟ. ಈಗ ಲೆಕ್ಕವೂ ಸೇರಿತು. "ಅರವತ್ತು, ಅಂದ್ರ ನಲವತ್ತು. ಎಪ್ಪತ್ತು, ಅಂದ್ರ ಐವತ್ತು. ಸಾಕ್ರಿ." ಊರು ಮುಟ್ಟುವವರೆಗೆ ಇದೇ. ಹಿಂದೆ ಕೂತ ನಾವು ಅವರಿಗೆ ಕಂಡಕ್ಟರ್ ಎಂದು ಹೆಸರಿಟ್ಟೆವು. ಇನ್ನೊಂದು ಹಟವೂ ಇತ್ತು. ತಾವು ಜೊತೆಗಿಲ್ಲದೆ ಮಾಮಾ ಕಾರು ತೆಗೆಯುವಂತಿಲ್ಲ, ಕೀಲಿ ಸದಾ ಅತ್ತಿಯ ಸೆರಗಿನ ತುದಿಯಲ್ಲಿ. "ಈ ವಯಸ್ಸಿನ್ಯಾಗೂ ಗಂಡನ ಮ್ಯಾಲ ಇಷ್ಟು ಸಂಶೇವೇನ್ರಿ ಅತ್ತಿ?" ಎಂದು ನಾನು ಮುಖದ ಮೇಲೇ ಕೇಳಿದ್ದೆ. ಅವರು ನಕ್ಕು ಕೀಲಿಯ ಗಂಟು ಬಿಗಿ ಮಾಡಿಕೊಂಡರು. ಆ ನಗು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಕಮಲಾಪುರ ಅತ್ತಿಯ ತವರು. ಅಲ್ಲಿ ಅವರ ಅಣ್ಣನ ಹೊಸ ಮನೆಯ ಪ್ರವೇಶಕ್ಕೆ ಅತ್ತಿ, ಮಾಮಾ, ನಾನು ಮೂವರೂ ಹೋಗಿದ್ದೆವು. ಆ ಅಣ್ಣನ ಹೆಂಡತಿಗೆ ಜ್ವರ ಬಂದದ್ದರಿಂದ ಅತ್ತಿ ಎರಡು ದಿನ ಉಳಿಯಬೇಕಾಯಿತು. ಹೊರಡುವಾಗ ಕೀಲಿಯನ್ನು ನನ್ನ ಕೈಗಿಟ್ಟು, "ನೀನೇ ನಡಸವ್ವಾ" ಎಂದರು. ಮಾಮಾ ಬಿಡಬೇಕಲ್ಲ? ಕೀಲಿ ಕಸಿದುಕೊಂಡರು. ಅತ್ತಿ ಕಿಟಕಿಗೆ ಬಂದು, ಮುಂದಿನ ಸೀಟಿನಲ್ಲಿದ್ದ ನನ್ನ ಭುಜ ಹಿಡಿದು, "ಮೀಟರ್ ನೋಡಿ ಹೇಳ್ತಾ ಇರು. ಮರೀಬ್ಯಾಡ" ಎಂದರು. ಕಂಡಕ್ಟರ್ ನೌಕರಿ ನನಗೆ ಬಂತೆಂದು ನಾನು ನಕ್ಕೆ.

ನಾನು ಹೇಳಲಿಲ್ಲ, ಫೋನು ನೋಡುತ್ತ ಕೂತೆ. ಅರ್ಧ ದಾರಿಯ ಊರು ಮಹಾಗಾಂವ ಹತ್ತಿರ ಬರುವಾಗ ಹೊತ್ತು ಮುಳುಗುತ್ತಿತ್ತು. ಮಾಮಾ ಲೈಟ್ ಹಾಕಿದರು, ಒಳಗೆಲ್ಲ ನೀಲಿಯಾಯಿತು.

"ಎಷ್ಟದ?" ಎಂದರು.

"ನಿಮ್ಮ ಮೂಗಿನ ಮುಂದೇ ಅದಲ್ರೀ ಮಾಮಾ."

ಅವರು ಸ್ವಲ್ಪ ಮುಂದೆ ಹೋಗಿ ಕಾರನ್ನು ರಸ್ತೆಯ ಬದಿಗೆ ತೆಗೆದು ನಿಲ್ಲಿಸಿದರು. ಸ್ಟೇರಿಂಗ್ ಬಿಡದೆ ಹೇಳಿದರು: "ಕಾಣವಲ್ದವ್ವಾ. ಹಸಿರು ಕಾಣವಲ್ದಂತ ಕೆಂಪು ಮಾಡ್ದೆ. ಕೆಂಪೂ ಮಬ್ಬು, ಹಳದಿನೂ ಮಬ್ಬು. ನೀಲಿ ಎರಡೆರಡು ಹಾಕೀನಿ, ಖರೆ ಹೇಳ್ತೀನಿ, ನನಗದು ಬೂದಿ ಕಂಡಂಗ ಕಾಣತದ. ನಮ್ಮಪ್ಪಗ, ಅದೇ ನಿಮ್ಮ ಮುತ್ಯಾಗೂ ಹಿಂಗೇ ಶುರುವಾಗಿತ್ತು. ಮೊದಲ ಮಬ್ಬು, ಆಮ್ಯಾಲ ಕತ್ತಲಿ. ನಿಮ್ಮತ್ತಿಗೆ ಹೇಳಬ್ಯಾಡ, ಹೆದರ್ತಾಳ."

ಡ್ರಾಯಿಂಗ್ ಮಾಸ್ತರರಿಗೆ ಬಣ್ಣ ಕಾಣುತ್ತಿರಲಿಲ್ಲ. ನಾವು ವರ್ಷವಿಡೀ ಹೊಟ್ಟೆ ಹಿಡಿದು ನಕ್ಕಿದ್ದು ಇದಕ್ಕೆ. ನನಗೆ ಮೊದಲು ಸಿಟ್ಟು ಬಂತು, ಇಂಥ ಕಣ್ಣಿಟ್ಟುಕೊಂಡು ರಸ್ತೆಗಿಳಿಯುವುದೇ ಎಂದು ಚೆನ್ನಾಗಿ ಬೈದೆ. ಅವರು ಇಳಿದು ಈಚೆಗೆ ಬಂದು ಕೂತರು. ಉಳಿದ ದಾರಿ ನಾನೇ ನಡೆಸಿದೆ. ಸ್ವಲ್ಪ ದೂರ ಹೋದ ಮೇಲೆ ನನಗೆ ಅಳು ಬಂತು.

ಮರುದಿನ ಬೆಳಿಗ್ಗೆ ಮಾಮಾನ ಮಾತು ಮೀರಿ ಅತ್ತಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿ, "ನನಗ ಕೆಂಪು ಲೈಟ್ ಹಾಕಿದ ದಿನದಿಂದ ಗೊತ್ತದ" ಎಂದರು. "ದವಾಖಾನಿ ಅಂದ್ರ ಸಿಟ್ಟಿಗೇಳ್ತಾರ. ಅವರಪ್ಪನ ಹಂಗ ಆದೀತಂತ ಅಂಜಿಕಿ. ಅದಕ್ಕ ಮೀಟರ್ ಓದಿ ಹೇಳ್ತಿದ್ದೆ. ಕೀಲಿ ಕಟಗೊಂಡು ಅಡ್ಯಾಡ್ತಿದ್ದೆ."

ಅವತ್ತೇ ಬಸ್ಸು ಹತ್ತಿ ಬಂದರು. ಇಬ್ಬರೂ ಸೇರಿ ಮಾಮಾನನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆವು. ಡಾಕ್ಟರು ಬೆಳಕು ಬಿಟ್ಟು ನೋಡಿದರು, ಮತ್ತೆ ನೋಡಿದರು.

"ಕಣ್ಣಿನ ಪೊರೆ ಮಾಸ್ತರ್, ಬಲಿತದ. ಹಿಂದಿನ ನರ ಚಲೋ ಅದ. ಪೊರೆ ತೆಗೆದ್ರ ಕಾಣತದ."

"ಬಣ್ಣ?" ಎಂದರು ಮಾಮಾ.

"ಬಣ್ಣನೂ."

ಆ ಒಂದು ಮಾತಿಗೆ ನಮ್ಮೆಲ್ಲರ ಎದೆಯ ಮೇಲಿನ ಕಲ್ಲು ಇಳಿಯಿತು. ಅತ್ತಿ ಡಾಕ್ಟರಿಗೆ ಕೈ ಮುಗಿದರು, ಕಂಪೌಂಡರನಿಗೆ ಮುಗಿದರು, ಬಾಗಿಲಲ್ಲಿ ಪಾಳಿಗೆ ಕಾಯುತ್ತಿದ್ದ ಯಾರೋ ಪೇಷಂಟಿಗೂ ಮುಗಿದರು. ಮಾಮಾ ಮಾತ್ರ, "ನಮ್ಮಪ್ಪನ್ನ ಯಾರೂ ಡಾಕ್ಟರಿಗೆ ತೋರಿಸಲೇ ಇಲ್ಲ" ಎಂದು ಮೆಲ್ಲಗೆ ಅಂದುಕೊಂಡರು.

ಒಂದಾದ ಮೇಲೊಂದು ಎರಡೂ ಕಣ್ಣಿನ ಆಪರೇಷನ್ ಮುಗಿದು, ಡಾಕ್ಟರು ಕಾರು ನಡೆಸಲು ಒಪ್ಪಿದ ದಿನ ಮಾಮಾ ಒಳಗೆ ಕೂತು ಲೈಟ್ ಹಾಕಿದರು. ನೀಲಿ ಮುಖಕ್ಕೆ ಹೊಡೆಯಿತು. ಕಣ್ಣು ಮುಚ್ಚಿಕೊಂಡು, "ಇದನ್ಯಾವ ಹುಚ್ಚ ಹಾಕ್ಯಾನ?" ಎಂದು ಕೇಳಿದರು. ಮರುದಿನ ಕಾರು ರಿಪೇರಿಯ ಮಿಸ್ತ್ರಿಯೊಬ್ಬರು ಮೊದಲಿನ ಹಸಿರನ್ನೇ ಕೂಡಿಸಿ, ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸಿದರು. ಕಾರು ಕೊನೆಗೂ ನಿಂತಲ್ಲೇ ನಿಂತಿತು.

ಹೋದ ವಾರ ಮತ್ತೆ ಕಮಲಾಪುರಕ್ಕೆ ಹೊರಟೆವು. ಅತ್ತಿ ಮುಂದೆ, ನಾನು ಹಿಂದೆ. ಅತ್ತಿ ಒಂದು ಮಾತೂ ಆಡದೆ ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತ ಕೂತಿದ್ದರು. ವರ್ಷದಿಂದ ಈ ದಾರಿಯಲ್ಲಿ ಅವರು ಮೀಟರು ಬಿಟ್ಟು ಬೇರೇನೂ ನೋಡಿರಲಿಲ್ಲ. ಮಹಾಗಾಂವ ದಾಟಿದ ಮೇಲೆ ಮಾಮಾನಿಗೆ ತಡೆಯಲಾಗಲಿಲ್ಲ.

"ಯಾಕ ಸುಮ್ನ ಕುಂತಿ? ಎಷ್ಟದ ಹೇಳು."

"ಕಣ್ಣು ಬಂದಾವಲ್ರೀ, ನೀವೇ ನೋಡ್ರಿ."

"ನೀ ಹೇಳು."

ಅತ್ತಿ ಅರೆಕ್ಷಣ ಮೀಟರಿನತ್ತ ತಿರುಗಿ ನೋಡಿ, ಹಳೆಯ ರೂಢಿಯಂತೆ, "ಐವತ್ತು, ಅಂದ್ರ ಮೂವತ್ತು" ಎಂದು ಮತ್ತೆ ಹೊಲದ ಕಡೆ ಹೊರಳಿದರು.

ಮುಳ್ಳು ಐವತ್ತರ ಮೇಲೇ ನಿಂತಿತ್ತು. ಅದೀಗ ಖರೇ ಐವತ್ತು. ಹಿಂದಿನ ಸೀಟಿನ ನನಗೂ ಕಾಣುತ್ತಿತ್ತು, ಮಾಮಾನಿಗಂತೂ ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ಒಮ್ಮೆ ಮೀಟರು ನೋಡಿದರು, ಒಮ್ಮೆ ಹೆಂಡತಿಯನ್ನು ನೋಡಿದರು.

"ಹೂಂ," ಎಂದರು. "ಬರೋಬ್ಬರಿ ಮೂವತ್ತು."