ಮಕ್ತಲ್ ದಾಟದ ಮನಿಗಾಡಿ

ಅಲಂಪುರದ ಗುಡಿ ತೋರಿಸುತ್ತೇನೆ ಎಂದು ಭೀಮಯ್ಯ ಮದುವೆಯಾದ ವರ್ಷ ಹೆಂಡತಿ ಅನಂತಮ್ಮನಿಗೆ ಕೊಟ್ಟ ಮಾತು ಇನ್ನೂ ಬಾಕಿ ಇತ್ತು. ಮಕ್ತಲ್‌ನ ಸಾಯಣ್ಣನ ಪಂಚರ್ ಅಂಗಡಿ ಮುಂದೆ, ಬೇವಿನ ನೆರಳಲ್ಲಿ, ಆ ಬಾಕಿಗೆ ಬಡ್ಡಿ ಏರುತ್ತಿತ್ತು.

— ಟೈರಿನ ಮ್ಯಾಲ ಗಾಳಿ ಎಂಬತ್ತಂತ ಬರದೈತಿ. ಎಂಬತ್ತ ಹಾಕೋದು, ಎಂದ ಭೀಮಯ್ಯ.

— ಅದಕ್ಕಿಂತ ಹೆಚ್ಚು ಹಾಕಬ್ಯಾಡ್ರಿ ಅಂತ ಬರದಾರ, ಎಂದಳು ಅನಂತಮ್ಮ. ಗಂಗಾಳ ಅಂಚಿನ ತನಕ ಹಿಡಿತೈತಂತ ಅಷ್ಟೂ ಉಣ್ತೀರೇನು?

— ಉಣ್ತೀನಿ.

ಅದು ನಿಜವೇ. ಅನಂತಮ್ಮ ಬೇರೆ ಉದಾಹರಣೆ ಹುಡುಕಬೇಕಾಯಿತು.

ಸರ್ಕಾರಿ ಬಸ್ಸಿನ ಡ್ರೈವರಾಗಿದ್ದ ಭೀಮಯ್ಯ ನಿವೃತ್ತನಾದ ಮೇಲೆ ಹಳೇ ಮಿನಿಬಸ್ಸೊಂದನ್ನು ಕೊಂಡು, ಸೀಟು ಕಿತ್ತು, ಮಂಚ, ಒಲೆ, ನೀರಿನ ಡ್ರಮ್ಮು ಕೂರಿಸಿದ್ದ. ನಾರಾಯಣಪೇಟೆಯ ಜನ ಅದನ್ನು ಮನಿಗಾಡಿ ಅಂದರು. ನಿನ್ನೆ ಬೆಳಿಗ್ಗೆ ಎಂಬತ್ತು ಗಾಳಿ ತುಂಬಿಸಿಕೊಂಡು ಹೊರಟ ಗಾಡಿ ಮಿಡತೆಯಂತೆ ಕುಪ್ಪಳಿಸಿ, ಒಲೆಯ ಮೇಲಿನ ಚಹಾ ಸೂರಿಗೆ ಅಂಟಿತು. ಮಧ್ಯಾಹ್ನ ಮಕ್ತಲ್‌ನಲ್ಲಿ ನಿಲ್ಲಿಸಿ ಒತ್ತಡ ಅಳೆಯುವ ಗೇಜು ಹಚ್ಚಿದರೆ ಗಾಳಿ ಇನ್ನೂ ಏರಿತ್ತು. ಭೀಮಯ್ಯ ಹೆದರಿ ಬುಸ್ಸಂತ ಬಿಟ್ಟ. ಇವತ್ತು ಬೆಳಿಗ್ಗೆ ಟೈರುಗಳು ಮೊಣಕಾಲೂರಿ ಕೂತಿದ್ದವು.

— ಬಿಸಲಾಗ ಓಡಿದ ಟೈರು ಉಬ್ಬತೈತಿ, ತಣ್ಣಗಾದ್ರ ಇಳೀತೈತಿ, ಎಂದಳು ಅನಂತಮ್ಮ. ಮೈ ಬಿಸಿ ಐತಂತ ಕಂಬಳಿ ಕಿತ್ತು, ಬೆಳಿಗ್ಗೆ ನಡುಗಾಕತ್ತೈತಂತ ಮತ್ತ ಹೊಚ್ಚಾಕ ನಿಂತೀರಿ.

— ನನಗ ಕಲಿಸಾಕ ಬರಬ್ಯಾಡ. ಜೀವಮಾನ ಬಸ್ಸು ಹೊಡದೀನಿ.

— ಗಾಳಿ ಡಿಪೋದಾಗ ಹಾಕ್ತಿದ್ರು. ನೀವು ಹಾರ್ನು ಹೊಡದೀರಿ.

ಕೈಯಲ್ಲಿ ಪೈಪು ಹಿಡಿದು ಬೇಸತ್ತ ಸಾಯಣ್ಣ, ಎಷ್ಟು ಹಾಕಲಿ ಎಂದು ತೆಲುಗಿನಲ್ಲಿ ಕೇಳಿದ:

— ಎಂತ ಕೊಟ್ಟಾಲೆ, ಅನ್ನಾ?

ಎಂಬತ್ತು ಎಂದ ಗಂಡ. ಐವತ್ತು ಎಂದಳು ಹೆಂಡತಿ. ಸಾಯಣ್ಣ ಯಾರನ್ನೂ ನೋಯಿಸುವವನಲ್ಲ. ಎಡಗಡೆಗೆ ಅಣ್ಣನ ಲೆಕ್ಕ, ಬಲಗಡೆಗೆ ಅಕ್ಕನ ಲೆಕ್ಕ ತುಂಬಿಬಿಟ್ಟ. ಗಾಡಿ ವಾಲಿತು. ಒಳಗಿನ ಪಾತ್ರೆ ಪಡಗವೆಲ್ಲ ಉರುಳಿ ಅನಂತಮ್ಮನ ಪಕ್ಷ ಸೇರಿದವು.

ಆಗ ಸಾಯಣ್ಣ ಗೋಡೆಯ ಮೇಲಿನ ಟೈರು ಕಂಪನಿಯ ಪಟ್ಟಿ ತೋರಿಸಿದ. ಭಾರ ಎಷ್ಟೋ ಅದರ ಮೇಲೆ ಗಾಳಿ. ಭಾರವೆಲ್ಲ ಇವಳ ರುಬ್ಬುಗುಂಡಿನದು, ಜೋಳದ ಚೀಲದ್ದು ಎಂದು ಭೀಮಯ್ಯ ಬೀದಿಗೆ ಕೇಳುವಂತೆ ಸಾರಿದ. ಅನಂತಮ್ಮ ಸೆರಗು ಸಿಕ್ಕಿಸಿ ಮುಂದಿನ ಚಕ್ರದ ಎದುರು ಕೂತಳು.

— ಹತ್ತಿ ಮಿಲ್ಲಿನ ಕಾಂಟಾದಾಗ ಗಾಡಿ ತೂಗಸ್ತೀನಿ ಅನ್ನೋತನಕ ಏಳಂಗಿಲ್ಲ. ತೆಲಂಗಾಣ ರಾಜ್ಯ ಕೇಳಾಕ ನಿಮ್ಮ ಬಸ್ಸಿನ ಮುಂದ ಕುಂತಾಕಿ ನಾ.

ಭೀಮಯ್ಯನಿಗೆ ನೆನಪಿತ್ತು. ಅವತ್ತು ಬಸ್ಸು ಸಂಜೆತನಕ ಅಲುಗಿರಲಿಲ್ಲ. ತೆಪ್ಪಗೆ ಗಾಡಿಯನ್ನು ಮಿಲ್ಲಿಗೆ ಹೊಡೆದ.

ಕಾಂಟಾದಲ್ಲಿ ಗಾಡಿಯ ಹಿಂಭಾಗ ಸಿಕ್ಕಾಪಟ್ಟೆ ಭಾರ ಬಂತು. ಭೀಮಯ್ಯ ಮೀಸೆ ತಿರುವಿ ರುಬ್ಬುಗುಂಡು ಇಳಿಸಿದ. ಅಂಕಿ ತುಸುವೇ ಇಳಿಯಿತು. ಜೋಳ ಇಳಿಸಿದ. ಇನ್ನೂ ತುಸು. ಅನಂತಮ್ಮ ಹೋಗಿ ಮಂಚದ ಹಲಗೆ ಎತ್ತಿದಳು. ಕೆಳಗೆ ಒಂದರ ಮೇಲೊಂದು ಹಳೇ ಟೈರು, ಜಾಕುಗಳು, ಕಬ್ಬಿಣದ ಸರಪಳಿ, ಯಾವುದೋ ಬಸ್ಸಿನ ಇಡೀ ಗೇರ್‌ಬಾಕ್ಸು.

— ಇವ್ಯಾಕ?

— ಪಂಚರಾದ್ರ ಬೇಕಲ್ಲ.

— ಪಂಚರ್ ಯಾಕ ಆಗತೈತಿ?

ಭೀಮಯ್ಯ ಗೇರ್‌ಬಾಕ್ಸಿನ ಧೂಳು ಒರೆಸಿದ.

— ಭಾರ ಹೆಚ್ಚಾದ್ರ, ಎಂದ.

ಒಂದು ಟೈರು, ಒಂದು ಜಾಕು ಬಿಟ್ಟು ಮಿಕ್ಕದ್ದೆಲ್ಲ ಸಾಯಣ್ಣನ ಅಂಗಡಿಯಲ್ಲಿಳಿಯಿತು. ರುಬ್ಬುಗುಂಡು, ಜೋಳ ಮೆರವಣಿಗೆಯಲ್ಲಿ ಬಂದಂತೆ ಮತ್ತೆ ಒಳಗೇರಿದವು. ಹೊಸ ತೂಕಕ್ಕೆ ಪಟ್ಟಿ ಹೇಳಿದ್ದು ಅರವತ್ತೆರಡು. ಇಬ್ಬರೂ ಸೋತಿದ್ದರಿಂದ ಯಾರೂ ಮುಖ ಉಬ್ಬಿಸಲಿಲ್ಲ. ಮರುದಿನ ತಂಪುಹೊತ್ತಿನಲ್ಲಿ ಸಾಯಣ್ಣ ಅಷ್ಟೇ ತುಂಬಿದ. ಜುರಾಲಾ ಡ್ಯಾಮು ದಾಟಿದರೂ ಚಹಾ ಲೋಟದಲ್ಲೇ ಉಳಿಯಿತು.

ಗದ್ವಾಲದಲ್ಲಿ ಭೀಮಯ್ಯ ಕೆಳಗಿಳಿದು ಟೈರು ಸವರಿದ.

— ಬಿಸಿ ಆಗ್ಯಾವ. ಚೂರು ಬಿಡ್ಲೇನು? ಗೇಜೆಲ್ಲಿ?

— ಮಕ್ತಲ್‌ದಾಗ ಇಳಿಸಿ ಬಂದೀನಿ. ಎಲ್ಲಕ್ಕಿಂತ ಭಾರ ಅದ ಇತ್ತು.

ನಿಮ್ಮ ಮನೆಯಲ್ಲೂ ಯಾರಿಗೋ ಒಂದು ಅಲಂಪುರ ಬಾಕಿ ಇದೆ. ಮಂಚದ ಕೆಳಗಿನ ನೆಪಗಳನ್ನು ಇಳಿಸಿ, ಗಾಡಿ ತೆಗೆಯಿರಿ. ನಾಳೆಯೇ, ಟೈರು ತಣ್ಣಗಿರುವಾಗ.