ಸೊನ್ನೆ ಕಂತು

ಬೆಳಿಗ್ಗೆ ಏಳು ನಲವತ್ತಕ್ಕೆ ಬ್ಯಾಂಕಿನಿಂದ ಫೋನ್ ಬಂತು: ಎವರೆಟ್ ಪಿಲಾರ್‌ಸ್ಕಿಗೆ ಮನೆ ಸಾಲ ಸಿಗುವುದಿಲ್ಲ.

"ಹೋದ ವಾರ ಸಿಗತ್ತೆ ಅಂದಿದ್ರಲ್ಲ ಮೇಡಂ?"

"ಹೋದ ವಾರ ನಿಮ್ಮ ಕಾಲೇಜು ಸಾಲದ ಕಂತು ನೂರ ನಲವತ್ತು ಡಾಲರ್ ಇತ್ತು. ನಿನ್ನೆ ನೋಡಿದ್ರೆ ಸೊನ್ನೆ."

"ಕಮ್ಮಿಯಾದ್ರೆ ಒಳ್ಳೇದೇ ಅಲ್ವಾ?"

"ಸೊನ್ನೆನ ನಾವು ಸೊನ್ನೆ ಅಂತ ಹಿಡಿಯಲ್ಲ ಸರ್. ಬಾಕಿಯಲ್ಲಿ ನೂರಕ್ಕೆ ಅರ್ಧ ಡಾಲರ್ ತಿಂಗಳ ಕಂತು ಅಂತ ಹಿಡೀತೀವಿ. ಅರವತ್ತೆರಡು ಸಾವಿರಕ್ಕೆ ಮುನ್ನೂರ ಹತ್ತು. ಅಷ್ಟು ಭಾರ ನಿಮ್ಮ ಸಂಬಳ ಹೊರಲ್ಲ. ಹಳೇ ಕಂತೇ ಇದೆ ಅಂತ ಸಂಜೆ ಐದರೊಳಗೆ ಪತ್ರ ತರಿಸಿ. ಇವತ್ತೇ ಗಡುವು."

ನಲವತ್ತೊಂದರ ಎವರೆಟ್ ಅಮೆರಿಕದ ಟೊಲೀಡೊ ಊರಿನ ಶಾಲೆಯೊಂದರಲ್ಲಿ ಬ್ಯಾಂಡ್ ಮೇಷ್ಟ್ರು. ಟ್ಯೂಬಾ ಎಂಬ ಭಾರಿ ಕಹಳೆ ಊದಲು ಕಾಲೇಜಿನಲ್ಲಿ ಕಲಿತದ್ದಕ್ಕೆ ಮಾಡಿದ ಸಾಲ, ಹತ್ತೊಂಬತ್ತು ವರ್ಷ ಕಟ್ಟಿದರೂ ಕರಗಿರಲಿಲ್ಲ. ಬಾಡಿಗೆ ಮನೆಯನ್ನು ನವೆಂಬರ್ ಕೊನೆಗೆ ಬಿಡುವುದಾಗಿ ಬರೆದುಕೊಟ್ಟಾಗಿತ್ತು. ಅಲ್ಲಿಗೆ ಹೊಸದಾಗಿ ಬಾಡಿಗೆಗೆ ಬರುವವರು ಕಿಟಕಿಗಳ ಅಳತೆಯನ್ನೂ ತೆಗೆದುಕೊಂಡು ಹೋಗಿದ್ದರು.

ಕಂತನ್ನು ಸೊನ್ನೆ ಮಾಡಿಸುವ ಉಪಾಯ ವ್ಯಾಯಾಮದ ಮೇಷ್ಟ್ರು ಲಾನಿ ಬ್ರಾಂಟ್‌ನದು. ಎವರೆಟ್ ಕೊಳ್ಳಲಿದ್ದ ಮನೆಯ ಪಕ್ಕದ ಮನೆಯೇ ಲಾನಿಯದು. ಮಾರಾಟದ ಸುದ್ದಿ ತಂದವನೂ ಅವನೇ.

"ಕಷ್ಟ ಅಂತ ಹೇಳಿ ಕಂತು ನಿಲ್ಲಿಸು ಅಂದೆ. ನಿಲ್ಲಿಸಿದ್ರಲ್ಲ? ಬ್ಯಾಂಕಿನವರಿಗೆ ಲೆಕ್ಕ ಬರದಿದ್ರೆ ನಾನೇನು ಮಾಡ್ಲಿ ಮಾರಾಯ?" ಎಂದ ಲಾನಿ, ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಬಾಳೆಹಣ್ಣು ಸುಲಿಯುತ್ತ.

ಎಂಟು ಗಂಟೆಗೆ ಎವರೆಟ್ ಕಾಲೇಜು ಸಾಲದ ಕಚೇರಿಗೆ ಫೋನ್ ಮಾಡಿದ. 'ದಯವಿಟ್ಟು ಕಾಯಿರಿ' ಎಂದ ಧ್ವನಿ ಪಿಯಾನೋ ಸಂಗೀತ ಹಚ್ಚಿ ಹೋಯಿತು. ಎವರೆಟ್ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು ಪಾಠ ಶುರು ಮಾಡಿದ. ಮೂರನೆಯ ಪೀರಿಯಡ್ಡಿನ ಹೊತ್ತಿಗೆ ಕ್ಲಾರಿನೆಟ್ಟಿನ ಸಾಲು ಅದೇ ರಾಗವನ್ನು ಹಿಡಿದಿತ್ತು. ವರ್ಷವಿಡೀ ಶ್ರುತಿ ಸೇರದ ಮಕ್ಕಳು ಅದನ್ನು ಮಾತ್ರ ಚೊಕ್ಕವಾಗಿ ನುಡಿಸಿದರು.

ಹನ್ನೊಂದೂಕಾಲಿಗೆ ಫೋನಿನಲ್ಲಿ ಒಂದು ಹೆಂಗಸಿನ ಧ್ವನಿ ಬಂತು. ಅದೇ ಕ್ಷಣ ಬೆಂಕಿಯ ಗಂಟೆ ಹೊಡೆಯಿತು. ಅಣಕು ತಾಲೀಮು. ಎವರೆಟ್ ಮಕ್ಕಳನ್ನು ಸಾಲು ಹಿಡಿಸಿ, ಫೋನ್ ಹಿಡಿದುಕೊಂಡೇ ಮೈದಾನಕ್ಕೆ ಓಡಿದ.

"ಸರ್, ಅಲ್ಲೇನು ಬೆಂಕಿನಾ?"

"ಇಲ್ಲ, ತಾಲೀಮು! ಸೊನ್ನೆ ಬೇಡ ನನಗೆ, ನೂರ ನಲವತ್ತು ಕಟ್ತೀನಿ!"

"ಮೊದಲು ಜೀವ ಉಳಿಸ್ಕೊಳ್ಳಿ ಸರ್, ಕಂತು ಆಮೇಲೆ," ಎಂದು ಆಕೆ ಫೋನ್ ಇಟ್ಟಳು.

"ಪಾಪ, ಒಳ್ಳೆಯವಳು," ಎಂದ ಮೈದಾನದಲ್ಲಿ ಪಕ್ಕಕ್ಕೇ ನಿಂತು ಕೇಳಿಸಿಕೊಂಡ ಲಾನಿ.

ಮತ್ತೆ ಪಿಯಾನೋ. ಊಟದ ಡಬ್ಬಿಯಲ್ಲಿದ್ದ ಪಿರೋಗಿ ಕಡುಬುಗಳು ತಣ್ಣಗಾಗಿ ಒಂದಕ್ಕೊಂದು ಅಂಟಿದವು. ಎರಡೂ ಮುಕ್ಕಾಲಿಗೆ ಬೇರೊಬ್ಬ ಸಿಕ್ಕ. "ಜನ ಕಂತು ಇಳಿಸಿ ಅಂತಾರೆ. ಏರಿಸಿ ಅಂದವರು ನೀವೊಬ್ರೇ. ಹುಷಾರಾಗಿದೀರಾ?" ಎಂದು ಕೇಳಿ, ಮೇಲಿನವರ ಒಪ್ಪಿಗೆ ಪಡೆದು, ನಾಲ್ಕು ನಲವತ್ತಕ್ಕೆ ಪತ್ರ ಕಳಿಸಿದ. ನಾಲ್ಕು ಐವತ್ತೆಂಟಕ್ಕೆ ಬ್ಯಾಂಕು ಸಾಲ ಮಂಜೂರು ಮಾಡಿತು.

ಎವರೆಟ್ ಸಿಬ್ಬಂದಿ ಕೋಣೆಯ ಕುರ್ಚಿಯಲ್ಲಿ ಗಾಳಿ ಬಿಟ್ಟ ಚೆಂಡಿನಂತೆ ಕುಸಿದ. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಯಾರೋ ಅವನಿಗೆ ಹೂಂ ಅಂದಿದ್ದರು.

ಐದು ಇಪ್ಪತ್ತಕ್ಕೆ ಮನೆ ಮಾರುವ ಮುದುಕಿ ಹೆಡ್ವಿಗ್ ಕಲ್ಪ್ ಫೋನ್ ಮಾಡಿದಳು.

"ಬೇಜಾರು ಮಾಡ್ಕೋಬೇಡಪ್ಪ. ನನಗೆ ಫ್ಲ್ಯಾಟ್ ಸಿಕ್ಕಿದ್ರೆ ಮಾತ್ರ ಈ ಮನೆ ಬಿಡೋದು ಅಂತ ಕರಾರಿನಲ್ಲಿ ಬರೆಸಿದ್ನಲ್ಲ? ನನ್ನ ಬ್ಯಾಂಕಿನವರು ಫ್ಲ್ಯಾಟಿಗೆ ಸಾಲ ಕೊಡೋಕೆ ಈಗ ಆಗಲ್ಲ ಅಂದ್ಬಿಟ್ರು. ಮಗಳ ಕಾಲೇಜಿಗೆ ನಾನೇ ನನ್ನ ಹೆಸರಲ್ಲಿ ಸಾಲ ತಗೊಂಡಿದ್ದೆ. ಅದರ ಕಂತು ಸೊನ್ನೆ ಆಗಿದ್ದೇ ಮುಳುವಾಯ್ತಂತೆ."

ಎವರೆಟ್ ಕುರ್ಚಿಯಿಂದೆದ್ದ. "ಸೊನ್ನೆ ಮಾಡಿಸಿ ಅಂತ ನಿಮಗೆ ಯಾರು ಹೇಳಿದ್ದು ಅಮ್ಮಾ?"

"ಇನ್ಯಾರು? ಪಕ್ಕದ ಮನೆ ಲಾನಿ. ಬಹಳ ಉಪಕಾರಿ ಹುಡುಗ."

ಎವರೆಟ್ ತಿರುಗಿ ನೋಡಿದ. ಲಾನಿ ಕೈಚೀಲ ಹೆಗಲಿಗೇರಿಸುತ್ತಿದ್ದ.

"ಏನೋ, ಮುಖ ಯಾಕೆ ಹಾಗಾಯ್ತು? ಮನೆ ವಿಷಯ ಏನೇ ಆದ್ರೂ ತಲೆ ಕೆಡಿಸ್ಕೋಬೇಡ. ನನ್ನ ಮನೆ ನೆಲಮಾಳಿಗೆ ಖಾಲಿನೇ ಇದೆ."

ಡಿಸೆಂಬರ್ ಒಂದರಂದು ಎವರೆಟ್ ತನ್ನ ಟ್ಯೂಬಾದೊಂದಿಗೆ ಆ ನೆಲಮಾಳಿಗೆಗೆ ಹೋದ. ಬಾಡಿಗೆ ತಿಂಗಳಿಗೆ ಆರುನೂರ ಐವತ್ತು ಡಾಲರ್.